ಎಸ್‌ಪಿಬಿ ಮಗನನ್ನು ಎಸ್‌ಪಿಬಿ ಮಾಡಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಸಿನಿಮಾ ಪುಟವನ್ನು ಬಹಳ ವರ್ಷಗಳಿಂದ ಓದುತ್ತಿದ್ದೇನೆ. ಒಂದು ವಿಷಯ ಮಾತ್ರ ಎಷ್ಟು ಸಲ ಓದಿದರೂ ಒಪ್ಪಿಕೊಳ್ಳಲು ಆಗುತ್ತಿಲ್ಲ. ದೊಡ್ಡ ಗಾಯಕರ ಮಗನೋ ಮಗಳೋ ಒಂದು ಹಾಡು ಹಾಡಿದರೆ ಸಾಕು, ತಲೆಬರಹ ಮೊದಲೇ ಸಿದ್ಧ ಇರುತ್ತದೆ. ‘ಅಪ್ಪನನ್ನೇ ನೆನಪಿಸಿದ ಮಗ’, ‘ಅಮ್ಮನ ಹಾದಿಯಲ್ಲಿ ಮಗಳು’. ಫೋಟೊ ನೋಡಿದರೆ ಅಪ್ಪನದು ದೊಡ್ಡದು, ಮಗನದು ಮೂಲೆಯಲ್ಲಿ. ಒಳಗೆ ಓದಿದರೆ ಮುಕ್ಕಾಲು ಪಾಲು ಅಪ್ಪನ ಕಥೆ. ಮಗ ಯಾವ ಹಾಡು ಹಾಡಿದ, ಯಾರ ಸಂಗೀತ, ಸಾಹಿತ್ಯ ಯಾರದು, ಹಾಡಿದ್ದು ಹೇಗಿದೆ, ಇದೆಲ್ಲ ಕೊನೆಯ ಎರಡು ಸಾಲಿನಲ್ಲಿ ಬಂದರೆ ಪುಣ್ಯ. ನಿಮ್ಮದೊಂದೇ ಪತ್ರಿಕೆ ಅಂತ ಅಲ್ಲ, ಎಲ್ಲರೂ ಹೀಗೇ. ಆದರೆ ನಾನು ದುಡ್ಡು ಕೊಟ್ಟು ತರಿಸುವುದು ನಿಮ್ಮದನ್ನೇ, ಹಾಗಾಗಿ ಜಗಳವೂ ನಿಮ್ಮ ಜೊತೆಗೇ.

ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಅಂದರೆ ನಮ್ಮ ಎಸ್‌ಪಿಬಿ ಅವರ ಮಗ ಎಸ್.ಪಿ. ಚರಣ್ ಅವರ ವಿಷಯವನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಬಹಳ ಜನ ಚರಣ್ ದನಿಯನ್ನು ಗಮನ ಕೊಟ್ಟು ಕೇಳಿದ್ದೇ 2020ರಲ್ಲಿ. ಅದೂ ಹಾಡಿನಲ್ಲಿ ಅಲ್ಲ. ಆ ಆಗಸ್ಟ್‌ನಲ್ಲಿ ಎಸ್‌ಪಿಬಿ ಕೋವಿಡ್ ಆಗಿ ಚೆನ್ನೈನ ಆಸ್ಪತ್ರೆ ಸೇರಿದಾಗ, ಮಗ ಮೊಬೈಲ್ ಮುಂದೆ ಕೂತು ಅಪ್ಪನ ಆರೋಗ್ಯ ಹೇಗಿದೆ ಅಂತ ಹೇಳುತ್ತಿದ್ದರಲ್ಲ, ಆ ವಿಡಿಯೊಗಳಲ್ಲಿ. ಎಲ್ಲರ ಫೋನಿಗೂ ಬಂದಿದ್ದವು. ದಣಿದ ಮುಖ, ಆದರೆ ಮಾತು ಅಳತೆ ತಪ್ಪುತ್ತಿರಲಿಲ್ಲ. ಸೆಪ್ಟೆಂಬರ್ 25ಕ್ಕೆ ಎಲ್ಲ ಮುಗಿಯಿತು. ಆಮೇಲೆ ಜನ ಆ ಮಗನ ಗಂಟಲಲ್ಲಿ ಅಪ್ಪನನ್ನು ಹುಡುಕಲು ಶುರು ಮಾಡಿದರು. 2022ರಲ್ಲಿ ‘ಸೀತಾರಾಮಂ’ ಬಂದಾಗ ಅದು ಇನ್ನೂ ಜಾಸ್ತಿ ಆಯಿತು. ವಿಶಾಲ್ ಚಂದ್ರಶೇಖರ್ ಸಂಗೀತ, ಕಥೆ ನಡೆಯುವುದು ಅರವತ್ತರ ದಶಕದಲ್ಲಿ. ಟ್ಯೂನ್‌ಗಳಲ್ಲೇ ಹಳೇ ಕಾಲದ ಸೊಗಡಿತ್ತು. ಅದಕ್ಕೆ ಚರಣ್ ದನಿ. ‘ಎಸ್‌ಪಿಬಿ ವಾಪಸ್ ಬಂದರು’ ಅಂತ ಕಣ್ಣೀರು ಹಾಕಿದವರು ಎಷ್ಟು ಜನ!

ದನಿ ಹೋಲುತ್ತದೆ, ಸುಳ್ಳಲ್ಲ. ಒಂದೇ ಮನೆಯ ಗಂಟಲು, ಹೋಲದೆ ಇದ್ದರೆ ಆಶ್ಚರ್ಯ. ಆದರೆ ಕಿವಿಗೊಟ್ಟು ಕೇಳಿದರೆ ಚರಣ್ ಹಾಡುವುದು ಬೇರೆ ಥರ. ಎಸ್‌ಪಿಬಿ ಸಾಲಿನ ಮಧ್ಯೆ ಒಂದು ಸಣ್ಣ ನಗು ತರುತ್ತಿದ್ದರು, ಒಂದು ಬಿಕ್ಕಳಿಕೆ, ಒಂದು ಉಸಿರು, ನಾಯಕ ಪರದೆ ಮೇಲೆ ಹುಬ್ಬು ಹಾರಿಸುವುದನ್ನು ದನಿಯಲ್ಲೇ ಮಾಡಿ ತೋರಿಸುತ್ತಿದ್ದರು. ಚರಣ್ ಅಷ್ಟು ಆಟ ಆಡುವುದಿಲ್ಲ. ಸ್ವರವನ್ನು ನೇರ ಇಟ್ಟು, ಸಾಲನ್ನು ಮೆತ್ತಗೆ ಬಿಡುತ್ತಾರೆ. ಅದು ಅವರ ದಾರಿ. ಅದರ ಬಗ್ಗೆ ಯಾರಾದರೂ ಒಂದು ಪ್ಯಾರಾ ಬರೆದರಾ? ನಾನಂತೂ ಓದಿಲ್ಲ. ಇನ್ನು 2000ದಲ್ಲೇ ಎ.ಆರ್. ರೆಹಮಾನ್ ಸಂಗೀತದ ‘ಅಲೈಪಾಯುದೆ’ಯಲ್ಲಿ ಹಾಡಿದ್ದರು, ಕನ್ನಡದ ಸಿನಿಮಾವೊಂದರಲ್ಲಿ ನಟಿಸಿದ್ದರು, ‘ಚೆನ್ನೈ 600028’ ಮತ್ತು ‘ಆರಣ್ಯ ಕಾಂಡಂ’ನಂಥ ತಮಿಳು ಸಿನಿಮಾಗಳಿಗೆ ದುಡ್ಡು ಹಾಕಿದ ನಿರ್ಮಾಪಕರೂ ಅವರೇ. ಹೊಸ ನಿರ್ದೇಶಕರನ್ನು ನಂಬಿ ದುಡ್ಡು ಹಾಕುವುದಕ್ಕೆ ಗುಂಡಿಗೆ ಬೇಕು ಸ್ವಾಮಿ. ಅಪ್ಪನ ಹಾದಿಯಲ್ಲಿ ಅದು ಎಲ್ಲಿ ಬರುತ್ತೆ?

ನನಗೆ ಇದು ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. ಗಣೇಶನ ಹಬ್ಬ, ಅಣ್ಣಮ್ಮನ ಉತ್ಸವ, ರಾಜ್ಯೋತ್ಸವ, ಆರತಕ್ಷತೆ, ಎಲ್ಲ ಕಡೆ ಹೋಗುತ್ತೇವೆ. ಪ್ರತಿ ತಂಡದಲ್ಲೂ ಒಬ್ಬ ‘ಜೂನಿಯರ್ ಎಸ್‌ಪಿಬಿ’ ಇರುತ್ತಾನೆ. ಅದು ಹೊಟ್ಟೆಪಾಡು, ತಪ್ಪೇನಿಲ್ಲ. ನಮ್ಮ ತಂಡದಲ್ಲಿ ಸ್ವಲ್ಪ ಕಾಲ ಒಬ್ಬ ಹುಡುಗಿ ಹಾಡುತ್ತಿದ್ದಳು. ಅವಳ ಅಮ್ಮ ನಮ್ಮ ಕಡೆ ಹೆಸರು ಮಾಡಿದ ಗಾಯಕಿ, ಹೆಸರು ಬೇಡ. ಮಗಳ ದನಿ ಮಂದ್ರದಲ್ಲಿ ತುಂಬಾ ಚೆಂದ, ಕೆಳಗಿನ ಸ್ವರಗಳಲ್ಲಿ ಜೇನು. ಆದರೆ ನಿರೂಪಕ ಮೈಕ್ ಹಿಡಿದ ಕೂಡಲೇ ಹೇಳುವುದು ‘ಇಂಥವರ ಸುಪುತ್ರಿ’ ಅಂತ. ತಕ್ಷಣ ಕೆಳಗಿನಿಂದ ಚೀಟಿ ಬರುತ್ತದೆ, ಅಮ್ಮನ ಹಾಡಿಗೆ. ಅಮ್ಮನ ಹಾಡು ತಾರದಲ್ಲಿ, ಮೇಲಿನ ಸ್ವರಗಳಲ್ಲಿ ಓಡಾಡುವಂಥದ್ದು. ಇವಳು ನನ್ನ ಕಡೆ ತಿರುಗಿ ಮೆಲ್ಲಗೆ ‘ಅಣ್ಣಾ, ಎರಡು ಸ್ಟೆಪ್ ಇಳಿಸಿ’ ಅನ್ನುತ್ತಾಳೆ. ಕೀಬೋರ್ಡ್‌ನಲ್ಲಿ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಒತ್ತಿದರೆ ಆಯಿತು, ನನಗೇನು ಕಷ್ಟ? ಇಳಿಸಿದರೆ ವ್ಯವಸ್ಥಾಪಕರಿಗೆ ಸಿಟ್ಟು. ‘ಒರಿಜಿನಲ್ ಸ್ಕೇಲ್‌ನಲ್ಲೇ ಹಾಡಿಸಿ, ಅಮ್ಮನ ಥರ ಬರಲ್ಲ ಅಂದ್ರೆ ಯಾಕೆ ಕರೆಸಿದ್ದು’ ಅಂತ ಸ್ಟೇಜ್ ಪಕ್ಕ ನಿಂತು ಅವಳಿಗೆ ಕೇಳುವ ಹಾಗೇ ಹೇಳಿದ್ದರು ಒಬ್ಬರು. ಒರಿಜಿನಲ್ ಸ್ಕೇಲ್‌ನಲ್ಲೇ ಹಾಡಿದಳು. ಪಲ್ಲವಿ ಹೇಗೋ ದಾಟಿತು, ಚರಣದಲ್ಲಿ ಮೇಲಿನ ಷಡ್ಜಕ್ಕೆ ಹೋದಾಗ ದನಿ ಒಡೆಯಿತು. ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರು ತಲೆ ಆಡಿಸಿದರು, ‘ಅಮ್ಮ ಅಮ್ಮಾನೇ’ ಅನ್ನೋ ಥರ. ಆ ಹುಡುಗಿ ಈಗ ಹಾಡುತ್ತಿಲ್ಲ. ಅದೇ ಕಾರಣಕ್ಕೆ ಬಿಟ್ಟಳು ಅಂತ ಹೇಳಲಾರೆ. ಆದರೆ ಅವಳ ಸ್ವಂತ ಸ್ಕೇಲ್‌ನಲ್ಲಿ ಅವಳನ್ನು ಪೂರ್ತಿ ಒಂದು ಗಂಟೆ ಕೇಳಿದವರು ನಮ್ಮ ತಂಡದ ರಿಹರ್ಸಲ್ ರೂಮಿನಲ್ಲಿ ಇದ್ದ ನಾವು ಮಾತ್ರ.

ಈಗ ಅಸಲು ಮಾತಿಗೆ ಬರುತ್ತೇನೆ. ಎಸ್‌ಪಿಬಿ ಬಿಟ್ಟುಹೋದ ಆಸ್ತಿ ಅಂದರೆ ಏನು? ದನಿ ಅಂತೀರಾ? ದನಿ ದೇವರು ಕೊಟ್ಟಿದ್ದು, ಅದನ್ನು ಯಾರೂ ಯಾರಿಗೂ ಬರೆದುಕೊಡಲು ಆಗುವುದಿಲ್ಲ. ಬರೆದುಕೊಡಲು ಆಗುವುದು ಕೆಲಸ ಮಾಡುವ ಪದ್ಧತಿ. ಅವರ ಬಗ್ಗೆ ಬರೆಯುವಾಗ ಎಲ್ಲರೂ 1981ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ ಉಪೇಂದ್ರಕುಮಾರ್ ಅವರಿಗೆ ಒಂದೇ ದಿನ 21 ಕನ್ನಡ ಹಾಡು ಹಾಡಿದ್ದನ್ನು ಬರೆಯುತ್ತಾರೆ. ದೊಡ್ಡ ವಿಷಯವೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಕೈಯಲ್ಲಿದ್ದ ಕಾಗದ ಮತ್ತು ಪೆನ್ನು. ಯಾವ ಭಾಷೆಯ ಹಾಡಾದರೂ ಸಾಹಿತ್ಯವನ್ನು ಅವರೇ ತೆಲುಗು ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಬೇರೆಯವರು ಬರೆದುಕೊಟ್ಟ ಹಾಳೆ ನೋಡಿ ಹಾಡಿ ಹೋಗುತ್ತಿರಲಿಲ್ಲ. ಕೇಳಿ, ಬರೆದು, ಅರ್ಥ ಕೇಳಿಕೊಂಡು ಆಮೇಲೆ ಮೈಕ್ ಮುಂದೆ.

ಇದು ಸಣ್ಣ ವಿಷಯ ಅಂತ ಅನಿಸಬಹುದು. ಅಲ್ಲ. ತೆಲುಗು ಲಿಪಿಗೂ ನಮ್ಮ ಲಿಪಿಗೂ ಅಕ್ಷರ ಅಕ್ಷರಕ್ಕೂ ಹೊಂದಿಕೆ ಇದೆ. ಎ-ಏ ಬೇರೆ, ಒ-ಓ ಬೇರೆ, ಲ-ಳ ಬೇರೆ, ಅಲ್ಪಪ್ರಾಣ ಮಹಾಪ್ರಾಣ ಬೇರೆ. ತೆಲುಗಿನಲ್ಲಿ ಬರೆದುಕೊಂಡ ಕನ್ನಡ ಸಾಲು ಒಂದು ಅಕ್ಷರವೂ ಹಾಳಾಗದೆ ಉಳಿಯುತ್ತದೆ. ಅದೇ ಹಿಂದಿಯಲ್ಲಿ ಬರೆದುಕೊಂಡರೆ ಗಿಡ್ಡ ಎ, ಗಿಡ್ಡ ಒ ಇಲ್ಲ, ಳ ಇಲ್ಲ. ಬೆಳೆ ಹೋಗಿ ಬೇಲೆ ಆಗುತ್ತದೆ. ತಮಿಳಿನಲ್ಲಿ ಬರೆದುಕೊಂಡರೆ ಳ ಇದೆ, ಗಿಡ್ಡ ಎ ಇದೆ, ಆದರೆ ಕ ಮತ್ತು ಗಕ್ಕೆ ಒಂದೇ ಅಕ್ಷರ, ಖ ಘಗಳ ಸುದ್ದಿಯೇ ಇಲ್ಲ. ಇನ್ನು ಈಗಿನವರು ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ, ಅಲ್ಲಿ ಹಾಲು ಯಾವುದು ಹಾಳು ಯಾವುದು ಆ ದೇವರಿಗೇ ಗೊತ್ತು. ಮಳೆಯ ಮೇಲೆ ಇಷ್ಟೊಂದು ಹಾಡು ಇರುವ ಸಿನಿಮಾರಂಗ ನಮ್ಮದು. ಅದರಲ್ಲಿ ಮಳೆಯೆಲ್ಲ ಮಲೆ ಆದರೆ ಕೇಳುವುದು ಹೇಗೆ? ‘ಹೇಳು’ ಅನ್ನುವ ಪದವನ್ನು ಳಕಾರ ಬಿಟ್ಟು ಭಾವ ತುಂಬಿ ಹಾಡಿದರೆ ಏನಾಗುತ್ತದೆ ಅನ್ನುವುದನ್ನು ಮರ್ಯಾದಸ್ಥರ ಪತ್ರಿಕೆಯಲ್ಲಿ ಬರೆಯಲು ಆಗುವುದಿಲ್ಲ, ನೀವೇ ಊಹಿಸಿಕೊಳ್ಳಿ.

ಎಸ್‌ಪಿಬಿ ಮೊದಲ ಸಿನಿಮಾ ಹಾಡು ರೆಕಾರ್ಡ್ ಆಗಿದ್ದು 1966ರ ಡಿಸೆಂಬರ್‌ನಲ್ಲಿ, ತೆಲುಗಿನಲ್ಲಿ, ಎಸ್.ಪಿ. ಕೋದಂಡಪಾಣಿ ಸಂಗೀತಕ್ಕೆ. ಅದರ ಬೆನ್ನಿಗೇ ಕನ್ನಡಕ್ಕೆ ಬಂದರು, ಎಂ. ರಂಗರಾವ್ ಸಂಗೀತದ ‘ನಕ್ಕರೆ ಅದೇ ಸ್ವರ್ಗ’ಕ್ಕೆ. ಆ ಸಿನಿಮಾ ಬಂದಿದ್ದು 1967ರಲ್ಲಿ. ಅಂದರೆ ಅವರು ತೆಲುಗಿನಲ್ಲಿ ಹೆಸರು ಮಾಡಿ ಆಮೇಲೆ ನಮ್ಮ ಕಡೆ ಬಂದವರಲ್ಲ. ಹೆಚ್ಚುಕಮ್ಮಿ ಎರಡೂ ಭಾಷೆಯಲ್ಲಿ ಒಟ್ಟಿಗೇ ಕಣ್ಣು ಬಿಟ್ಟವರು. ಮುಂದೆ 6 ರಾಷ್ಟ್ರಪ್ರಶಸ್ತಿ ಬಂತು, ತೆಲುಗು, ಹಿಂದಿ, ಕನ್ನಡ, ತಮಿಳು ಹೀಗೆ 4 ಭಾಷೆಯ ಸಿನಿಮಾಗಳಿಗೆ. ಕನ್ನಡದ್ದು ಪಂಚಾಕ್ಷರ ಗವಾಯಿಗಳ ಮೇಲಿನ ಸಿನಿಮಾ, ಹಂಸಲೇಖ ಸಂಗೀತ. ಶಾಸ್ತ್ರೀಯ ಸಂಗೀತವನ್ನು ಗುರುಗಳ ಹತ್ತಿರ ಕೂತು ಕಲಿಯದ ಮನುಷ್ಯ ಗದುಗಿನ ಗವಾಯಿಗಳಿಗೆ ದನಿ ಕೊಟ್ಟು ಪ್ರಶಸ್ತಿ ತಂದರು. ಎಷ್ಟು ಸಲ ತಿದ್ದಿಸಿಕೊಂಡಿರಬೇಡ!

ಟಿವಿಯ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ಹಾಡಿ ಮುಗಿಸಿದ ಮೇಲೆ ಎಸ್‌ಪಿಬಿ ಮೊದಲು ಹಿಡಿಯುತ್ತಿದ್ದದ್ದು ಸಾಹಿತ್ಯವನ್ನ. ಯಾವ ಅಕ್ಷರ ಜಾರಿತು, ಯಾವ ಪದದ ಮಧ್ಯೆ ಉಸಿರು ತೆಗೆದುಕೊಂಡೆ ಅಂತ. ಹಾಡಿನ ಮೊದಲು ಬರೆದವರ ಹೆಸರು, ಸಂಗೀತ ಮಾಡಿದವರ ಹೆಸರು ಹೇಳದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಅಂತ ಹೇಳುವಾಗ ಆ ದನಿಯಲ್ಲಿ ಒಂದು ಗೌರವ ಇರುತ್ತಿತ್ತು. ನಾವು ಅದನ್ನು ಬಿಟ್ಟು ಬರೀ ದನಿ ಹಿಡಿದುಕೊಂಡು ಕೂತಿದ್ದೇವೆ.

ಇನ್ನೊಂದು ತಮಾಷೆ ನೋಡಿ. ಎಸ್‌ಪಿಬಿ ಅವರ ಅಪ್ಪ ಸಾಂಬಮೂರ್ತಿ ಹರಿಕಥೆ ದಾಸರು. ಯೇಸುದಾಸ್ ಅವರ ಅಪ್ಪ ಅಗಸ್ಟಿನ್ ಜೋಸೆಫ್ ಮಲಯಾಳಂ ರಂಗಭೂಮಿಯಲ್ಲಿ ಹಾಡಿ ನಟಿಸುತ್ತಿದ್ದವರು. ನಮ್ಮ ರಾಜ್‌ಕುಮಾರ್ ಅವರ ಅಪ್ಪ ಪುಟ್ಟಸ್ವಾಮಯ್ಯ ಕಂಪನಿ ನಾಟಕದವರು. ಈ ಮೂವರೂ ದೊಡ್ಡ ಕಲಾವಿದರ ಮಕ್ಕಳೇ. ಆದರೆ ಯಾರೂ ಎಸ್‌ಪಿಬಿಗೆ ‘ಅಪ್ಪನ ಥರ ಹರಿಕಥೆ ಮಾಡು’ ಅನ್ನಲಿಲ್ಲ. ಯಾಕೆ ಅಂದರೆ ಅಪ್ಪಂದಿರ ದನಿ ರೆಕಾರ್ಡ್ ಆಗಿ ಊರೂರು ಸುತ್ತಿರಲಿಲ್ಲ. ಹೋಲಿಸಲು ಕೈಯಲ್ಲಿ ಏನೂ ಇರಲಿಲ್ಲ. ಅವರು ಬಚಾವಾದರು. ಚರಣ್‌ಗೆ, ವಿಜಯ್ ಯೇಸುದಾಸ್‌ಗೆ ಆ ಅದೃಷ್ಟ ಇಲ್ಲ. ಇವರು ಬಾಯಿ ತೆರೆಯುವ ಮೊದಲೇ ಅಪ್ಪಂದಿರ ಸಾವಿರಾರು ಹಾಡು ಎದುರಿಗೆ ನಿಂತಿರುತ್ತವೆ.

ಶಾಸ್ತ್ರೀಯ ಸಂಗೀತದ ಮಾತು ಬೇರೆ, ಅದನ್ನೂ ಹೇಳಿಬಿಡುತ್ತೇನೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಮಗ ರಾಜಶೇಖರ ಮನ್ಸೂರ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಪಾಠ ಮಾಡಿಕೊಂಡೇ ಅಪ್ಪನ ಹಿಂದೆ ಕೂತು ಹಾಡುತ್ತಿದ್ದರು. ಅಲ್ಲಿ ಪರಂಪರೆ ಅನ್ನುವುದಕ್ಕೆ ಒಂದು ಗಟ್ಟಿ ಅರ್ಥ ಇದೆ. ಹಿಂದೂಸ್ತಾನಿ ಹಾಡುಗಾರಿಕೆಯ ಒಂದು ಪರಂಪರೆಯಾದ ಜೈಪುರ-ಅತ್ರೌಳಿ ಘರಾಣೆಯ ಅಪರೂಪದ ರಾಗಗಳು, ಬಂದಿಶ್‌ಗಳು ಅಂದರೆ ರಚನೆಗಳು, ಅವನ್ನು ಬಿಚ್ಚುವ ಕ್ರಮ, ಎಲ್ಲ ಗುರುವಿನ ಬಾಯಿಯಿಂದ ಶಿಷ್ಯನ ಕಿವಿಗೆ. ಮಗ ಶಿಷ್ಯನೂ ಹೌದು. ಅಪ್ಪನ ಹಾಗೆ ಹಾಡುವುದು ಅಲ್ಲಿ ವಿದ್ಯೆಯ ಭಾಗ. ಸಿನಿಮಾದಲ್ಲಿ ಹಾಗಲ್ಲ. ಇಲ್ಲಿ ಪ್ರತಿ ಹಾಡೂ ಬೇರೆ ಸಂಗೀತ ನಿರ್ದೇಶಕರದು, ಬೇರೆ ನಾಯಕನದು, ಬೇರೆ ಸಂದರ್ಭದ್ದು. ಘರಾಣೆಯ ಅಳತೆಗೋಲು ತಂದು ಹಿನ್ನೆಲೆ ಗಾಯಕರ ಮೇಲೆ ಇಟ್ಟರೆ ಎಲ್ಲರೂ ಗಿಡ್ಡವಾಗೇ ಕಾಣುತ್ತಾರೆ.

ದೂರ ಯಾಕೆ, ನಮ್ಮ ಬಿ.ಕೆ. ಸುಮಿತ್ರಾ ಅವರನ್ನೇ ನೋಡಿ. ಭಾವಗೀತೆ, ಭಕ್ತಿಗೀತೆ, ಜನಪದ, ಸಿನಿಮಾ, ಯಾವುದರಲ್ಲಿ ಕೇಳಿಲ್ಲ ಆ ದನಿಯನ್ನು? 1974ರ ‘ಉಪಾಸನೆ’ಯಲ್ಲಿ ಅವರು ಹಾಡಿದ ಸಂಪಿಗೆ ಮರದ ಹಾಡು ಕೇಳಿದರೆ ಈಗಲೂ ಹಿತ್ತಲ ಗಾಳಿ ಬೀಸುತ್ತದೆ. ಅವರ ಮಗಳು ಸೌಮ್ಯಾ ರಾವ್. ಕನ್ನಡ, ತಮಿಳು, ತೆಲುಗು, ಹಿಂದಿಯಲ್ಲಿ ಹಾಡಿದ್ದಾರೆ. 2005ರ ‘ಬಂಟಿ ಔರ್ ಬಬ್ಲಿ’ಯಲ್ಲಿ ಶಂಕರ್ ಮಹಾದೇವನ್ ಜೊತೆ ಹಾಡಿದ ಕುಣಿತದ ಹಾಡು, 2012ರ ‘ಅಯ್ಯಾ’ದಲ್ಲಿ ದಕ್ಷಿಣದ ಸಿನಿಮಾ ಹಾಡುಗಳನ್ನೇ ಗೇಲಿ ಮಾಡಿದ ಹಾಗಿರುವ ಒಂದು ಹಾಡು. ಅಮ್ಮ ಹಾಡಿದ್ದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ! ಅಮ್ಮನ ನೆರಳಿನಲ್ಲಿ ನಿಂತಿದ್ದರೆ ಈ ಹಾಡು ಹಾಡಲು ಆಗುತ್ತಿತ್ತಾ? ಆದರೆ ಶ್ರುತಿ ಅಲ್ಲಾಡುವುದಿಲ್ಲ, ಪದ ತೊದಲುವುದಿಲ್ಲ. ಮನೆಯಿಂದ ಬಂದಿದ್ದು ಅದು. ಕನ್ನಡದ ಮನೆಯಿಂದ ಹೋಗಿ ಮುಂಬೈನಲ್ಲಿ ಹಾಡಿದ ಇಂಥವರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಬಂದಿದೆ ಅಂತ ನಿಮ್ಮ ಹಳೆಯ ಸಂಚಿಕೆಗಳನ್ನೇ ತಿರುವಿ ನೋಡಿ.

ವಿಜಯ್ ಯೇಸುದಾಸ್‌ಗೆ ಹೆಸರು ತಂದ ಹಾಡುಗಳಲ್ಲಿ 2015ರ ‘ಪ್ರೇಮಂ’ನದು ಮುಖ್ಯ. ಕರ್ನಾಟಕದ ಕಾಲೇಜು ಹುಡುಗರೂ ಅರ್ಥ ಗೊತ್ತಿಲ್ಲದೆ ಗುನುಗುತ್ತಿದ್ದರು. ಅದೇ ವರ್ಷ ತಮಿಳಿನ ‘ಮಾರಿ’ಯಲ್ಲಿ ಖಳನಟನಾಗಿ ಬಂದರು, ಅಪ್ಪ ಕನಸಿನಲ್ಲೂ ಮಾಡದ ಕೆಲಸ. ಗಾಯಕಿ ಸುಜಾತಾ ಮೋಹನ್ ಅವರ ಮಗಳು ಶ್ವೇತಾ ಮೋಹನ್ ಇನ್ನೊಂದು ಉದಾಹರಣೆ. 2023ರಲ್ಲಿ ಒಂದೇ ಟ್ಯೂನ್ ತಮಿಳಿನ ‘ವಾತಿ’ಯಲ್ಲೂ ತೆಲುಗಿನ ‘ಸಾರ್’ನಲ್ಲೂ ಬಂತು, ಜಿ.ವಿ. ಪ್ರಕಾಶ್ ಸಂಗೀತ, ಎರಡನ್ನೂ ಶ್ವೇತಾ ಅವರೇ ಹಾಡಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಟ್ಯೂನ್ ಅದೇ, ಆದರೆ ಪದ ಬದಲಾದ ಕಡೆ ಒತ್ತು ಬದಲಾಗಿದೆ, ಉಸಿರು ತೆಗೆದುಕೊಳ್ಳುವ ಜಾಗ ಬದಲಾಗಿದೆ. ಬಹುಭಾಷಾ ಗಾಯಕಿ ಅಂದರೆ ಇದು. 4 ಭಾಷೆಯಲ್ಲಿ ಹಾಡಿದ ಪಟ್ಟಿ ಕೊಟ್ಟರೆ ಆಗಲ್ಲ.

ಪತ್ರ ಉದ್ದವಾಯಿತು ಅಂತ ಗೊತ್ತು. ಕತ್ತರಿ ಹಾಕುವುದಾದರೆ ಮೇಲೆ ಎಲ್ಲಿ ಬೇಕಾದರೂ ಹಾಕಿ, ಮುಂದಿನ ವಿಷಯಕ್ಕೆ ಮಾತ್ರ ಬೇಡ.

ಅಪ್ಪನ ದನಿಯೇ ಬೇಕು ಅಂತ ನಾವು ಹಟ ಹಿಡಿದರೆ ಈಗ ಅದನ್ನು ಕೊಡಲು ಯಂತ್ರ ಬಂದಿದೆ. ‘ಕೀಡಾ ಕೋಲಾ’ ಎಂಬ ತೆಲುಗು ಸಿನಿಮಾದಲ್ಲಿ ಎಸ್‌ಪಿಬಿ ದನಿಯನ್ನು ಎಐ ಮೂಲಕ ತಂದಿದ್ದರು. ಮನೆಯವರನ್ನು ಒಂದು ಮಾತು ಕೇಳಿರಲಿಲ್ಲ ಅನ್ನುವುದು ಚರಣ್ ಅವರ ದೂರು. 2024ರಲ್ಲಿ ಲಾಯರ್ ನೋಟಿಸ್ ಕಳಿಸಿದರು. ಅದೇ ಸಮಯದಲ್ಲಿ ರೆಹಮಾನ್ ‘ಲಾಲ್ ಸಲಾಂ’ಗಾಗಿ ತೀರಿಹೋದ ಇಬ್ಬರು ಗಾಯಕರ, ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಅವರ ದನಿ ತಂದರು. ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಮಾಡಿದ್ದೇವೆ ಅಂದರು. ಇಳಯರಾಜಾ ಅವರ ಮಗಳು ಭವತಾರಿಣಿ 2024ರ ಜನವರಿಯಲ್ಲಿ ತೀರಿಕೊಂಡರು. ಅವರೂ ಅಪ್ಪನ ಹೆಸರಿನ ಭಾರ ಹೊತ್ತವರೇ. ಆದರೆ ‘ಭಾರತಿ’ ಸಿನಿಮಾದ ಒಂದು ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ, ಮಗುವಿನಂಥ ಆ ದನಿ ಯಾರ ನಕಲೂ ಆಗಿರಲಿಲ್ಲ. ಅದೇ ವರ್ಷ ತಮ್ಮ ಯುವನ್ ಶಂಕರ್ ರಾಜಾ ‘ಗೋಟ್’ ಸಿನಿಮಾದಲ್ಲಿ ಅಕ್ಕನ ದನಿಯನ್ನು ಎಐನಿಂದ ಮತ್ತೆ ಹಾಡಿಸಿದರು. ಅದು ತಮ್ಮನ ದುಃಖ, ನಾವು ಮಾತಾಡಬಾರದು. ಆದರೆ ನನಗೆ ಕೇಳಿ ಸಂತೋಷ ಆಗಲಿಲ್ಲ. ದನಿ ಇತ್ತು, ತಪ್ಪು ಮಾಡುವ ಮನುಷ್ಯ ಇರಲಿಲ್ಲ.

ಕಾನೂನು ಇಲ್ಲಿ ಇನ್ನೂ ತಡವರಿಸುತ್ತಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿದವರಿಗೂ ಹಕ್ಕಿದೆ. ಹಾಡಿದ ವರ್ಷ ಮುಗಿದ ಮೇಲೆ 50 ವರ್ಷ. 2012ರ ತಿದ್ದುಪಡಿ ಆದಮೇಲೆ ರಾಯಧನದ ಪಾಲೂ ಇದೆ. ಆದರೆ ಆ ಹಕ್ಕು ಹಾಡಿದ್ದರ ಮೇಲೆ. ಹಾಡದೇ ಇದ್ದ ಹಾಡನ್ನು ಹಾಡಿದ ಹಾಗೆ ಮಾಡಿದರೆ? 2024ರ ಜುಲೈನಲ್ಲಿ ಹಿಂದಿ ಗಾಯಕ ಅರಿಜಿತ್ ಸಿಂಗ್ ವಿಷಯದಲ್ಲಿ ಬಾಂಬೆ ಹೈಕೋರ್ಟ್ ಒಪ್ಪಿಗೆ ಇಲ್ಲದೆ ದನಿಯನ್ನು ನಕಲು ಮಾಡಬಾರದು ಅಂತ ಮಧ್ಯಂತರ ಆದೇಶ ಕೊಟ್ಟಿತು. ಅರಿಜಿತ್ ಬದುಕಿದ್ದಾರೆ, ಕೋರ್ಟಿಗೆ ಹೋದರು. ತೀರಿಹೋದವರ ಪರವಾಗಿ ಹೋಗಬೇಕಾದವರು ಮಕ್ಕಳು. ವಾರಸುದಾರಿಕೆ ಅಂದರೆ ಈಗ ಇದೂ ಸೇರಿದೆ. ಚರಣ್‌ಗೆ ಇದು ಹೊಸದಲ್ಲ. ಎಸ್‌ಪಿಬಿ ಹಾಡಲು ಶುರು ಮಾಡಿ 50 ವರ್ಷ ಆದ ನೆನಪಿಗೆ ನಡೆದ ವಿಶ್ವ ಪ್ರವಾಸವನ್ನು ರೂಪಿಸಿದ್ದೇ ಮಗ. ಆ ಪ್ರವಾಸದ ನಡುವೆ, 2017ರಲ್ಲಿ, ಇಳಯರಾಜಾ ಕಡೆಯಿಂದ ನೋಟಿಸ್ ಬಂತು, ಅವರ ಹಾಡು ಹಾಡಬಾರದು ಅಂತ. ಆಮೇಲೆ ಗೆಳೆಯರಿಬ್ಬರೂ ಒಂದಾದರು, ಬಿಡಿ. ಆದರೆ ಅಪ್ಪ ಹಾಡುವಾಗ ಹಿಂದೆ ನಿಂತು ಹಾಲ್, ಟಿಕೆಟ್, ವಾದ್ಯಗಾರರು, ನೋಟಿಸ್ ಇದೆಲ್ಲ ನೋಡಿಕೊಂಡ ಮಗನ ಕೆಲಸ ಯಾವ ತಲೆಬರಹದಲ್ಲೂ ಬರಲಿಲ್ಲ.

ಇಂಥ ಎಐ ಹಾಡು ಬಂದಾಗ ಪತ್ರಿಕೆಗಳು ಏನು ಬರೆಯುತ್ತವೆ? ‘ಮತ್ತೆ ಹಾಡಿದ ಎಸ್‌ಪಿಬಿ!’ ಅಂತ. ಜೊತೆಗೆ ಆಶ್ಚರ್ಯಸೂಚಕ ಬೇರೆ. ಒಪ್ಪಿಗೆ ಇತ್ತಾ, ಯಾರಿಗೆ ಎಷ್ಟು ಕೊಟ್ಟರು, ಟ್ರ್ಯಾಕ್ ಹಾಡಿದ ನಿಜವಾದ ಹುಡುಗ ಯಾರು ಅಂತ ಕೇಳುವುದಿಲ್ಲ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಮೊದಲು ಒಬ್ಬ ಮನುಷ್ಯ ಹಾಡಿರುತ್ತಾನೆ ಸಾರ್, ಅವನ ಹಾಡಿನ ಮೇಲೆ ಇನ್ನೊಬ್ಬರ ದನಿ ಕೂರಿಸುತ್ತಾರೆ. ಭಾವ ಅವನದು, ಉಸಿರು ಅವನದು, ಹೆಸರು ಮಾತ್ರ ಬೇರೆಯವರದು. ಟ್ರ್ಯಾಕ್ ಹಾಡುವವರ ಕಷ್ಟ ನನಗೆ ಗೊತ್ತು, ನಮ್ಮ ತಂಡದ ಹುಡುಗರು ಹೋಗಿ ಹಾಡಿ ಬರುತ್ತಾರೆ. ಸಿನಿಮಾ ಬಂದಾಗ ದೊಡ್ಡವರ ದನಿ ಇರುತ್ತದೆ. ಅದಕ್ಕೆ ಹೊಂದಿಕೊಂಡಿದ್ದರು. ಈಗ ಸತ್ತವರ ದನಿ ಇರುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಚರಣ್ ಆಗಲಿ, ವಿಜಯ್ ಆಗಲಿ, ಶ್ವೇತಾ ಆಗಲಿ ಮುಂದಿನ ಸಲ ಬೆಂಗಳೂರಿಗೆ ಹಾಡಲು ಬಂದಾಗ ನಿಮ್ಮ ವರದಿಗಾರರು ‘ಅಪ್ಪನ ಯಾವ ಹಾಡು ಇಷ್ಟ’ ಅಂತ ಕೇಳುವುದು ಬಿಡಲಿ. ಅದಕ್ಕೆ ಅವರ ಹತ್ತಿರ ಬಾಯಿಪಾಠದ ಉತ್ತರ ಇದೆ, ನಮಗೂ ಬಾಯಿಪಾಠ ಆಗಿದೆ. ಕನ್ನಡದ ಸಾಹಿತ್ಯವನ್ನು ಯಾವ ಲಿಪಿಯಲ್ಲಿ ಬರೆದುಕೊಳ್ಳುತ್ತೀರಿ ಅಂತ ಕೇಳಲಿ. ರೆಕಾರ್ಡಿಂಗ್‌ನಲ್ಲಿ ಳಕಾರ ತಪ್ಪಿದರೆ ತಿದ್ದುವವರು ಯಾರಾದರೂ ಬೂತ್ ಆಚೆ ಕೂತಿರುತ್ತಾರಾ, ಅಥವಾ ಎಂಜಿನಿಯರ್ ‘ಓಕೆ ಟೇಕ್’ ಅಂದರೆ ಮುಗೀತಾ? ಸ್ಟೇಜ್ ಮೇಲೆ ಅಪ್ಪನ ಹಾಡನ್ನು ನಿಮ್ಮ ಸ್ಕೇಲ್‌ಗೆ ಇಳಿಸಿಕೊಳ್ಳುತ್ತೀರಾ, ಇಳಿಸಿದರೆ ಜನ ಏನಂತಾರೆ? ಎಐ ಕಂಪನಿಯವರು ಬಂದು ಕೇಳಿದರೆ ಯಾವ ಷರತ್ತು ಹಾಕುತ್ತೀರಿ? ಈ ಉತ್ತರಗಳನ್ನು ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ.

ಇನ್ನು ಹಾಡಿನ ವಿಮರ್ಶೆ ಬರೆಯುವಾಗ ಸಾಹಿತ್ಯ ಬರೆದವರ ಹೆಸರು, ಹಾಡಿದವರ ಹೆಸರು ಎರಡನ್ನೂ ಹಾಕಿ. ಟ್ರ್ಯಾಕ್ ಹಾಡಿದವರದು ಸಿಕ್ಕರೆ ಅದನ್ನೂ ಹಾಕಿ, ಅವರ ಮನೆಯಲ್ಲಿ ಆ ಪೇಪರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ ಅಂತ ನಿಮಗೆ ಗೊತ್ತಿಲ್ಲ.

ಇಂತಿ,
ಆರ್ಕೆಸ್ಟ್ರಾದ ಒಬ್ಬ ಕೀಬೋರ್ಡ್ ವಾದಕ, ನಿಮ್ಮ ಹಳೆಯ ಓದುಗ